ಸಿನಿಮಾ ಮತ್ತು ತಾರಾಲೋಕದಿಂದ ಸಮಾಜಕ್ಕೆ ಒಳಿತಾಗಿದೆಯೋ, ಕೆಡುಕಾಗಿದೆಯೋ?

ಪಿಯುಸಿ ಓದುತ್ತಿರುವ ಮಗ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹಣ ಕೇಳುತ್ತಿದ್ದಾನೆ, ಈ ಚಿತ್ರರಂಗವೇ ಇಲ್ಲದಿದ್ದರೆ ಸಮಾಜಕ್ಕೆ ಒಳ್ಳೆಯದಾಗುತ್ತಿತ್ತಲ್ಲವೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಬ್ಯಾನರ್ ವಿನ್ಯಾಸ ಮಾಡುವವನು. ಮದುವೆ, ಗೃಹಪ್ರವೇಶ, ಚುನಾವಣೆ, ಶ್ರದ್ಧಾಂಜಲಿಗಳ ಜೊತೆಗೆ ಸಿನಿಮಾ ಬ್ಯಾನರ್‌ಗಳೂ ನನ್ನ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ನಿಮ್ಮ ಮಗನ ವಯಸ್ಸಿನ ಹುಡುಗರು ನನ್ನ ಮೇಜಿನ ಸುತ್ತ ನಿಂತೇ ಇರುತ್ತಾರೆ. ಅವರನ್ನು ಕಂಡು ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ.

ಮೊದಲಿಗೆ, ಸಿನಿಮಾ ನೋಡುವುದರಿಂದ ಸಮಾಜ ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳಿ ಬೇಸಾಯ ಹಿಡಿದವರ ಕಥೆಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ನಟಿ ಲೀಲಾವತಿಯವರು ನೆಲಮಂಗಲದ ಬಳಿಯ ಸೋಲದೇವನಹಳ್ಳಿಯಲ್ಲಿ ಊರಿನವರಿಗಾಗಿ ಆಸ್ಪತ್ರೆ ಕಟ್ಟಿಸಿದರು, ಕೊನೆಗಾಲದಲ್ಲಿ ದನಕರುಗಳಿಗೂ ಒಂದನ್ನು ಕಟ್ಟಿಸಿದರು. ಇಂಥವು ಇನ್ನೂ ಇವೆ. ಆದರೆ ತಾರೆಯೊಬ್ಬರ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ನೇತ್ರದಾನಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ.

ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳನ್ನೂ ಕೊಟ್ಟರು. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೇ ಹೋದಾಗ, ಆ ದುಃಖದ ನಡುವೆಯೂ ಕುಟುಂಬ ಅದೇ ದಾರಿ ಹಿಡಿಯಿತು. ಸಾಮಾನ್ಯವಾಗಿ ಒಬ್ಬರ ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ ಬರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಕಾರ್ನಿಯಾಗಳ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗಳ) ಮುಂಪದರ ಮತ್ತು ಹಿಂಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಆಮೇಲೆ ರಾಜ್ಯದುದ್ದಕ್ಕೂ ಜನ ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದರು. ಆ ದಿನಗಳಲ್ಲಿ ಹಳ್ಳಿಗಳಿಂದ ಬಂದ ಹುಡುಗರು ಪಟಾಕಿಗೆ ಕೂಡಿಟ್ಟಿದ್ದ ಹಣದಲ್ಲಿ ನೇತ್ರದಾನ ಶಿಬಿರದ ಬ್ಯಾನರ್ ಮಾಡಿಸಿಕೊಂಡು ಹೋದರು.

ಇದನ್ನು ಸಣ್ಣ ಸಂಗತಿಯೆಂದು ಭಾವಿಸಬೇಡಿ. ಹೆಸರು ಬರೆಸಿದ ಮಾತ್ರಕ್ಕೆ ನೇತ್ರದಾನ ಆಗುವುದಿಲ್ಲ. ಪ್ರಾಣ ಹೋದ ಸುಮಾರು ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕು. ಅದಕ್ಕೆ ಮನೆಯವರೇ ಒಪ್ಪಿ, ನೇತ್ರ ಬ್ಯಾಂಕಿಗೆ ಕರೆ ಮಾಡಬೇಕು. ಹೆಣವನ್ನು ಇನ್ನೂ ಅಂಗಳಕ್ಕೆ ತಂದಿರದ ಹೊತ್ತಿನಲ್ಲಿ ಯಾರು ಆ ಮಾತೆತ್ತುತ್ತಾರೆ? ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ನಂಬಿದ್ದ ಮನೆಗಳಲ್ಲಿ ‘ಅಪ್ಪು ಕೊಟ್ಟರಲ್ಲ’ ಎಂಬ ಒಂದು ಮಾತು ಆ ಬಾಗಿಲನ್ನು ತೆರೆಯಿತು. ಯಾವ ಗೋಡೆಬರಹವೂ ಮಾಡಲಾಗದ ಕೆಲಸ ಅದು.

ನನ್ನ ವಾದವೂ ಇಲ್ಲಿಂದಲೇ ಹುಟ್ಟುತ್ತದೆ. ಕೆಟ್ಟದ್ದೇನಾದರೂ ನಡೆದಾಗ ಚಿತ್ರರಂಗದವರು ‘ಇದು ಬರೀ ಮನರಂಜನೆ, ಜನ ತಮ್ಮ ಬುದ್ಧಿಯಿಂದ ನಡೆಯಬೇಕು’ ಎನ್ನುತ್ತಾರೆ. ಸತ್ತವರ ಕಣ್ಣನ್ನು ಕೊಡಿಸುವಷ್ಟು ಬಲವಿರುವ ಪ್ರಭಾವವನ್ನು ಬರೀ ಮನರಂಜನೆ ಎಂದು ತಳ್ಳಿಹಾಕಲು ಬರುವುದಿಲ್ಲ. ಒಳಿತಿನ ಹೆಸರು ತಮಗೆ ಬೇಕೆಂದರೆ ಕೆಡುಕಿನ ಹೊಣೆಯನ್ನೂ ಹೊರಬೇಕು.

ಆ ಕೆಡುಕು ಹೇಗೆ ಬೆಳೆಯುತ್ತದೆ ಎಂಬುದನ್ನು ನನ್ನ ಕೆಲಸದಿಂದಲೇ ತೋರಿಸುತ್ತೇನೆ. ಸಿನಿಮಾ ಬ್ಯಾನರಿನ ಕೆಳಭಾಗವನ್ನು ಎಂದಾದರೂ ಗಮನಿಸಿದ್ದೀರಾ? ಮೇಲೆ ಆಕಾಶದೆತ್ತರದ ನಾಯಕ, ಕೆಳಗೆ ಅಂಚೆಚೀಟಿಯಷ್ಟು ಚಿಕ್ಕ ಮುಖಗಳ ಸಾಲು. ಅವು ಚಂದಾ ಕೊಟ್ಟ ಹುಡುಗರ ಮುಖಗಳು. ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಹಮಾಲಿ ಮಾಡುವವರು, ಕಾಲೇಜು ಬಿಟ್ಟವರು, ಕೆಲಸ ಸಿಗದವರು. ನಾಯಕನ ಚಿತ್ರದ ಬಗ್ಗೆ ಅವರು ಒಂದೇ ಮಾತಿನಲ್ಲಿ ಒಪ್ಪಿಬಿಡುತ್ತಾರೆ. ತಮ್ಮ ಚಿತ್ರದ ಬಗ್ಗೆ ಮಾತ್ರ ಬಹಳ ಹೊತ್ತು ನಿಂತು ನೋಡುತ್ತಾರೆ: ‘ಅಣ್ಣ, ನನ್ನದು ಸ್ವಲ್ಪ ದೊಡ್ಡದು ಮಾಡಿ’, ‘ಅಣ್ಣ, ನನ್ನ ಹೆಸರಿನ ಮುಂದೆ ಉಪಾಧ್ಯಕ್ಷ ಅಂತ ಹಾಕಿ’. ಊರಿನಲ್ಲಿ ಬೇರೆ ಯಾವ ಗೋಡೆಯ ಮೇಲೂ ಅವರ ಮುಖಕ್ಕೆ ಜಾಗವಿಲ್ಲ. ಗ್ರಂಥಾಲಯಕ್ಕೆ ಬೀಗ, ಆಟದ ಮೈದಾನದಲ್ಲಿ ಮನೆಗಳೆದ್ದಿವೆ, ಯುವಕ ಸಂಘಗಳು ಹೆಸರಿಗಷ್ಟೇ ಉಳಿದಿವೆ. ಅಭಿಮಾನಿ ಸಂಘ ಅವರಿಗೆ ಹೆಸರು, ಹುದ್ದೆ, ಗೆಳೆಯರನ್ನು ಕೊಡುತ್ತದೆ. ಆ ಹಸಿವು ನಿಜವಾದದ್ದು. ಅದನ್ನು ಹೀಗಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಲಾಭ ಯಾರಿಗೆ ಸಲ್ಲುತ್ತದೆ ನೋಡಿ. ಚಿತ್ರದ ಪ್ರಚಾರಕ್ಕೆ ಆಗಬೇಕಾದ ಖರ್ಚಿನಲ್ಲಿ ಒಂದು ಪಾಲನ್ನು ಈ ಹುಡುಗರು ತಮ್ಮ ದಿನಗೂಲಿಯಿಂದ ತುಂಬುತ್ತಾರೆ. ಬ್ಯಾನರು, ಹಾರ, ಹಾಲಿನ ಅಭಿಷೇಕ, ಪಟಾಕಿ, ಮೊದಲ ದಿನದ ಟಿಕೆಟ್, ಜೊತೆಗೆ ರಾತ್ರಿಯಿಡೀ ಕಂಬ ಹತ್ತುವ ದುಡಿಮೆ. ಈ ದುಡಿಮೆಗೆ ಸಂಬಳವಿಲ್ಲ, ವಿಮೆ ಇಲ್ಲ, ಬಿದ್ದರೆ ಕೇಳುವವರಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಹಿಂದಿನ ರಾತ್ರಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತರು. ಯಶ್ ಆ ಊರಿಗೆ ಹೋದರು, ಮನೆಯವರನ್ನು ಕಂಡರು, ಇಂಥ ಅಭಿಮಾನ ಬೇಡವೆಂದರು. ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ ಪತ್ರ ಬರೆದು ಅಬ್ಬರದ ಆಚರಣೆ ನಿಲ್ಲಿಸಲು ಕೇಳಿಕೊಂಡರು. 2024ರ ಡಿಸೆಂಬರ್ 4ರಂದು ಹೈದರಾಬಾದಿನ ಸಂಧ್ಯಾ ಚಿತ್ರಮಂದಿರದಲ್ಲಿ, ನಾಯಕ ನಟ ಪ್ರದರ್ಶನಕ್ಕೆ ಬಂದಾಗ ನೂಕುನುಗ್ಗಲಾಗಿ ಒಬ್ಬ ತಾಯಿ ಸತ್ತರು, ಅವರ ಮಗ ಸಾವಿನ ಅಂಚಿಗೆ ಹೋದ. ಸಿನಿಮಾ ನೋಡಲು ಬಂದ ಸಂಸಾರ ಅದು.

ಜೀವ ಹೋಗದಿದ್ದರೂ ವಿವೇಕ ಹೋಗುವ ಪ್ರಸಂಗಗಳಿವೆ. 2024ರ ಜೂನ್‌ನಲ್ಲಿ ನಟ ದರ್ಶನ್ ಕೊಲೆ ಪ್ರಕರಣವೊಂದರಲ್ಲಿ ಬಂಧಿತರಾದರು. ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು. ನಾನು ಹೇಳುತ್ತಿರುವುದು ಹೊರಗೆ ನಡೆದದ್ದರ ಬಗ್ಗೆ. ಜೈಲಿನಲ್ಲಿ ಅವರಿಗೆ ಕೊಟ್ಟ ಕೈದಿ ಸಂಖ್ಯೆಯನ್ನು ಕೆಲವರು ವಾಹನಗಳ ಮೇಲೆ ಹೆಮ್ಮೆಯಿಂದ ಅಂಟಿಸಿಕೊಂಡರು. ಸತ್ತ ಯುವಕನಿಗೂ ಹೆತ್ತವರಿದ್ದರು, ಗರ್ಭಿಣಿ ಹೆಂಡತಿಯಿದ್ದಳು ಎಂಬುದು ಅವರ ಮನಸ್ಸಿಗೆ ಬರಲೇ ಇಲ್ಲ. ಮರುವರ್ಷ ನಟಿ ರಮ್ಯಾ ಆ ಯುವಕನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದದ್ದಕ್ಕೆ ಅವರ ಮೇಲೆ ಹೊಲಸು ಸಂದೇಶಗಳ ಮಳೆ ಸುರಿಯಿತು. ಅವರು ಪೊಲೀಸರಿಗೆ ದೂರು ಕೊಟ್ಟ ಮೇಲೆ ಬಂಧನಗಳಾದವು. ಹೆಸರಿರುವ ನಟಿಗೇ ಹೀಗಾದರೆ ಸಾಮಾನ್ಯ ಹೆಣ್ಣುಮಗಳು ಬಾಯಿ ತೆರೆಯುವುದು ಹೇಗೆ?

ಜಾಹೀರಾತುಗಳದ್ದು ಇನ್ನೊಂದು ಅಧ್ಯಾಯ. ಏಲಕ್ಕಿಯ ಹೆಸರಿನಲ್ಲಿ ಗುಟ್ಕಾ ಬ್ರಾಂಡುಗಳಿಗೆ ಮುಖ ಕೊಟ್ಟವರು ಹಿಂದಿಯಲ್ಲಿ ಎಷ್ಟೋ ಮಂದಿ. ಟೀಕೆ ಬಂದ ಮೇಲೆ ಅಕ್ಷಯ್ ಕುಮಾರ್ 2022ರಲ್ಲಿ ಕ್ಷಮೆ ಕೇಳಿ ಹಿಂದೆ ಸರಿದರು. ಆನ್‌ಲೈನ್ ರಮ್ಮಿ ಆಡಿ ಎಂದು ಕರೆದ ತಾರೆಯರು ನಮ್ಮ ಭಾಷೆಯಲ್ಲೂ ಇದ್ದರು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟುವ ಆಟಗಳನ್ನು ಕಾನೂನಿನಿಂದ ನಿಷೇಧಿಸುವ ಹೊತ್ತಿಗೆ ಎಷ್ಟು ಮನೆಗಳ ಉಳಿತಾಯ ಕರಗಿತ್ತೋ! ನೇತ್ರದಾನಕ್ಕೆ ಜನರನ್ನು ಕರೆದ ಪ್ರಭಾವವೇ ಇಲ್ಲೂ ಕೆಲಸ ಮಾಡಿತು. ಪಾನ್ ಮಸಾಲಾ ಜಾಹೀರಾತನ್ನು ನಿರಾಕರಿಸಿದ ನಟರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಉದ್ಯಮದ ಒಳಗಿನವರ ಪಾಡಿನ ಬಗ್ಗೆಯೂ ಒಂದು ಮಾತು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರ್‌ನಿಂದ ಜೀವರಕ್ಷಕ ಕವಚವಿಲ್ಲದೆ ಹಾರಿದ ಇಬ್ಬರು ಖಳನಟರು ಮುಳುಗಿ ಸತ್ತರು. ಒಂದು ದೃಶ್ಯಕ್ಕಾಗಿ ಎರಡು ಜೀವ. ತೆರೆಯ ಮೇಲೆ ಹೆಸರು ಬಾರದ ಸಾಹಸ ಕಲಾವಿದರು, ಲೈಟ್ ಹುಡುಗರು ಇಂಥದೇ ಅಪಾಯದಲ್ಲಿ ದುಡಿಯುತ್ತಾರೆ.

ಇಷ್ಟಾದರೂ ಚಿತ್ರರಂಗವೇ ಬೇಡ ಎನ್ನಲು ನನ್ನಿಂದಾಗದು. ಬದಲಾವಣೆ ಸಾಧ್ಯವೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ನಗರ ಹೊತ್ತಿ ಉರಿಯಿತು, ಗೋಲಿಬಾರ್‌ನಲ್ಲಿ ಜನ ಸತ್ತರು, ಕರ್ತವ್ಯದಲ್ಲಿದ್ದ ಪೊಲೀಸರೊಬ್ಬರನ್ನು ಗುಂಪು ಕೊಂದಿತು. ಹದಿನೈದು ವರ್ಷಗಳ ನಂತರ ಅದೇ ಮನೆಯ ಮಗನನ್ನು ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತು ನೋಡಿ ಹೋದರು. ಸರ್ಕಾರ ಮೊದಲೇ ಸಿದ್ಧವಾಗಿತ್ತು, ಕುಟುಂಬ ಶಾಂತಿಗಾಗಿ ಕೈಮುಗಿದು ಕೇಳಿತ್ತು. ಜನ ಕೇಳಿದರು.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಅವನ ಅಭಿಮಾನವನ್ನು ಅವಮಾನಿಸಬೇಡಿ, ಹಟ ಹೆಚ್ಚುತ್ತದೆ. ಸಿನಿಮಾ ನೋಡಲು ದುಡ್ಡು ಕೊಡಿ, ಸಾಧ್ಯವಾದರೆ ಜೊತೆಗೆ ನೀವೂ ಹೋಗಿ. ಕಟೌಟಿಗೆ ಮಾತ್ರ ಕೊಡಬೇಡಿ, ರಾತ್ರಿ ಕಂಬ ಹತ್ತಲು ಬಿಡಲೇಬೇಡಿ. ಆ ಹಣದಲ್ಲಿ ರಕ್ತದಾನ ಶಿಬಿರ ಮಾಡೋಣ ಎಂದು ಅವನ ಗೆಳೆಯರಿಗೆ ಹೇಳಿನೋಡಿ. ಸರ್ಕಾರಿ ಆಸ್ಪತ್ರೆಯ ರಕ್ತನಿಧಿಯವರನ್ನು ಕೇಳಿದರೆ ಮಾರ್ಗದರ್ಶನ ಮಾಡುತ್ತಾರೆ. ಹದಿನೆಂಟು ತುಂಬಿದವರು ರಕ್ತ ಕೊಡಲಿ, ಉಳಿದವರು ಓಡಾಡಿ ಜನರನ್ನು ಕರೆತರಲಿ. ಶಿಬಿರಕ್ಕೊಂದು ಬಟ್ಟೆಯ ಬ್ಯಾನರ್ ಮಾಡಿಸಿ. ಅದರಲ್ಲಿ ನಟನ ಚಿತ್ರ ಒಂದು ಮೂಲೆಯಲ್ಲಿರಲಿ, ಈ ಹುಡುಗರ ಮುಖಗಳು ದೊಡ್ಡದಾಗಿರಲಿ.