ಬಾತುಕೋಳಿ ಬೇಟೆಗೆ ಮನೆಯಲ್ಲೇ ದೋಣಿ: ಐದು ವಾರದಲ್ಲಿ ಮುಗಿಸಬಹುದೇ, ಯಾವ ಪ್ಲೈವುಡ್ ತರಬೇಕು?

ಗ್ಯಾರೇಜಿನಲ್ಲಿ ಹತ್ತು ಅಡಿಯ ದೋಣಿ, ಇಬ್ಬರು ಬೇಟೆಗಾರರು, ಸೆಪ್ಟೆಂಬರ್ ಕೊನೆಯಲ್ಲಿ ಬೇಟೆಯ ಕಾಲ ಆರಂಭವಾಗುವುದಕ್ಕೆ ಐದೇ ವಾರ, ಯಾವ ಪ್ಲೈವುಡ್ ತರಲಿ ಎಂಬ ಚಿಂತೆ: ನೀವು ಬರೆದಿರುವುದೆಲ್ಲ ಆರು ವರ್ಷಗಳ ಹಿಂದಿನ ನನ್ನ ಕಥೆಯೇ. ಆಗ ನಾನು ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ಮೂರು ವರ್ಷವಾಗಿತ್ತು. ಪಕ್ಕದ ಮನೆಯ ಹಿರಿಯರು ಕಾಡುಭತ್ತ ಬೆಳೆದ ಕೆರೆಯೊಂದಕ್ಕೆ ನನ್ನನ್ನು ಕರೆದೊಯ್ದಿದ್ದರು. ಬೆಳಕು ಹರಿಯುವ ಮುನ್ನ ಟೀಲ್ ಬಾತುಗಳ ಗುಂಪೊಂದು ಬಟ್ಟೆ ಹರಿದಂಥ ಸದ್ದಿನೊಡನೆ ತಲೆಯ ಮೇಲೆ ಹಾದುಹೋಯಿತು. ನನ್ನದೇ ದೋಣಿಯಲ್ಲಿ ಆ ಜೊಂಡಿನ ನಡುವೆ ಕೂರಬೇಕು ಎಂಬ ಆಸೆ ಅಂದು ಹಿಡಿದದ್ದು ಮತ್ತೆ ಬಿಡಲಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ, ಅಲ್ಲಿ ಇದು ಅಪರಾಧ, ಮತ್ತು ಅದು ಹಾಗೆಯೇ ಇರಬೇಕು. ಇಲ್ಲಿ ಪರವಾನಗಿಯ ಜೊತೆಗೆ ಬೇಟೆಗಾರರು ಕೊಳ್ಳುವ ಡಕ್ ಸ್ಟ್ಯಾಂಪ್ ಎಂಬ ಸರಕಾರಿ ಚೀಟಿಯ ಹಣದಲ್ಲಿಯೇ 1934ರಿಂದ ಜೌಗು ನೆಲಗಳನ್ನು ಕೊಂಡು ಉಳಿಸಲಾಗುತ್ತಿದೆ.

ನಾನು ಆರಿಸಿಕೊಂಡದ್ದು ಹೊಲಿಗೆಯ ವಿಧಾನ. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು, ಎಪಾಕ್ಸಿಗೆ (ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ಮರದ ಹುಡಿ ಕಲಸಿ ವಡೆ ಹಿಟ್ಟಿನ ಹದಕ್ಕೆ ತಂದ ಲೇಪವನ್ನು ಒಳಮೂಲೆಗಳಿಗೆ ತುಂಬಿ, ಅದರ ಮೇಲೆ ಫೈಬರ್ ಗ್ಲಾಸ್ ಪಟ್ಟಿಯನ್ನು ಅಂಟಿಸಬೇಕು. ನಿಮ್ಮ ಹಾಗೆಯೇ ನಾನೂ ಮೂರು ವಾರ ಮರದ ವಿಚಾರದಲ್ಲಿಯೇ ಕಳೆದೆ. ಕೊನೆಗೆ ಒಕೂಮೆ ಎಂಬ ಹಗುರ ಆಫ್ರಿಕನ್ ಮರದಿಂದ ದೋಣಿಗಳಿಗೆಂದೇ ಮಾಡಿದ 6 ಮಿಲಿಮೀಟರಿನ ಮರೀನ್ ಪ್ಲೈವುಡ್ ತರಿಸಿದೆ. ಅದು ಬಂದು, ಕತ್ತರಿಸಿ, ಹೊಲಿದು ಮುಗಿಸುವಷ್ಟರಲ್ಲಿ ಬೇಟೆ ಆರಂಭವಾಗಿಹೋಗಿತ್ತು, ಅಕ್ಟೋಬರ್ ನಡುಭಾಗ ಬಂದಿತ್ತು, ಗ್ಯಾರೇಜಿನ ಉಷ್ಣಾಂಶ ರಾತ್ರಿ 9 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತಿತ್ತು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ.

ನನ್ನ ಸೋದರಮಾವ ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವ ಕೆಲಸದಲ್ಲಿದ್ದವರು. ಬಾಲ್ಯದಲ್ಲಿ ರಜೆಗೆ ಹೋದಾಗಲೆಲ್ಲ ನಾನು ಅವರ ಶೆಡ್ಡಿನಲ್ಲಿಯೇ ಇರುತ್ತಿದ್ದೆ. ಮಳೆಗಾಲದಲ್ಲಿ ರೆಸಿನ್ ಬೇಗ ಗಟ್ಟಿಯಾಗದಿದ್ದರೆ ಮಾವ ಹಾರ್ಡನರನ್ನು ನಾಲ್ಕು ಹನಿ ಹೆಚ್ಚು ಹಾಕುತ್ತಿದ್ದರು, ಕೆಲಸ ಮುಂದೆ ಸಾಗುತ್ತಿತ್ತು. ಗ್ಯಾರೇಜಿನಲ್ಲಿ ಮೊದಲ ರಾತ್ರಿ ಹಚ್ಚಿದ ಎಪಾಕ್ಸಿ ಮರುದಿನ ಸಂಜೆಯಾದರೂ ಅಂಟಂಟಾಗಿಯೇ ಇದ್ದಾಗ ನನಗೆ ನೆನಪಾದದ್ದು ಆ ನಾಲ್ಕು ಹನಿ. ಡಬ್ಬಿಯ ಮೇಲೆ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್ ಎಂದು ಬರೆದಿತ್ತು. ನಾನು ತಳದ ಎರಡೂ ಮೂಲೆಗಳ ಲೇಪಕ್ಕೆ ಒಂದೂವರೆ ಪಾಲು ಹಾಕಿದೆ.

ಮಾವ ಬಳಸುತ್ತಿದ್ದದ್ದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಹಾರ್ಡನರ್ ಎಂದು ಕರೆಯುವ ದ್ರವ ನಿಜಕ್ಕೂ ಒಂದು ಪೆರಾಕ್ಸೈಡ್. ಅದು ರೆಸಿನ್ ತನ್ನಷ್ಟಕ್ಕೆ ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡುತ್ತದೆ, ಅಷ್ಟೇ. ನೂರಕ್ಕೆ ಒಂದೆರಡು ಪಾಲು ಸಾಕು, ಮಿತಿಯೊಳಗೆ ಹೆಚ್ಚಿಸಿದರೆ ಕ್ರಿಯೆ ಚುರುಕಾಗುತ್ತದೆ. ಎಪಾಕ್ಸಿಯ ಲೆಕ್ಕವೇ ಬೇರೆ. ಅಲ್ಲಿ ಹಾರ್ಡನರಿನ ಅಣು ರೆಸಿನ್ನಿನ ಅಣುವಿನೊಡನೆ ಕೈಹಿಡಿದು ತಾನೇ ಆ ಗಟ್ಟಿ ವಸ್ತುವಿನ ಭಾಗವಾಗುತ್ತದೆ. ಇಷ್ಟು ರೆಸಿನ್‌ಗೆ ಇಷ್ಟೇ ಹಾರ್ಡನರ್ ಜೊತೆಯಾಗಬಲ್ಲದು. ಹೆಚ್ಚಾಗಿ ಸುರಿದದ್ದು ಜೊತೆ ಸಿಗದೆ ಒಳಗೇ ಉಳಿದು, ಇಡೀ ಲೇಪವನ್ನು ಮೆದುವಾಗಿಸುತ್ತದೆ ಮತ್ತು ನೀರನ್ನು ಹೀರುತ್ತದೆ. ಒಂದೇ ಹೆಸರಿನಿಂದ ಕರೆಯುವ ಎರಡು ಬೇರೆ ವಸ್ತುಗಳನ್ನು ನಾನು ಒಂದೇ ಎಂದು ತಿಳಿದೆ. ಚಳಿಗೆ ಇದ್ದ ಪರಿಹಾರ ಅಳತೆ ಬದಲಿಸುವುದಲ್ಲ, ಹಾರ್ಡನರನ್ನೇ ಬದಲಿಸುವುದು. ನಾನು ತಂದಿದ್ದದ್ದು ಬೇಸಿಗೆಗೆಂದು ಮಾಡಿದ ನಿಧಾನದ ಹಾರ್ಡನರ್. ಪಕ್ಕದ ಕಪಾಟಿನಲ್ಲಿಯೇ ಚಳಿಗೆಂದು ಮಾಡಿದ ವೇಗದ ಹಾರ್ಡನರ್ ಇತ್ತು. ಹಾಗಿಲ್ಲವಾದರೆ ದೋಣಿಯ ಮೇಲೆ ತಾಡಪಾಲು ಹೊದಿಸಿ, ಒಳಗೆ ಹೀಟರ್ ಇಟ್ಟು, ಎರಡು ದಿನ ಕಾಯಬಹುದಿತ್ತು.

ಮೂರನೆಯ ದಿನ ನಾನು ಮೂಲೆಯ ಲೇಪವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿದೆ. ಉಗುರಿನ ಗುರುತು ಅರ್ಧಚಂದ್ರದಂತೆ ಮೂಡಿತು, ಬೆರಳು ಎತ್ತಿದಾಗ ಹಲಸಿನ ಮೇಣದ ಹಾಗೆ ಸ್ವಲ್ಪ ಎಳೆಯಿತು. ಅಲ್ಲಿಯೇ ಕೆಲಸ ನಿಲ್ಲಿಸಿ, ಹೀಟ್ ಗನ್ನಿನಿಂದ ಬಿಸಿ ಮಾಡಿ ಕೆರೆದು ತೆಗೆದಿದ್ದರೆ ನನಗೆ ಹೋಗುತ್ತಿದ್ದದ್ದು ಒಂದು ವಾರ ಮತ್ತು ಸ್ವಲ್ಪ ಹಣ. ಆದರೆ ಬೇಟೆಯ ದಿನಗಳು ಕಳೆಯುತ್ತಿದ್ದವು. ಅದರ ಮೇಲೆ ಫೈಬರ್ ಪಟ್ಟಿ ಹಾಸಿ, ಈ ಸಲ ಸರಿಯಾದ ಅಳತೆಯ ಎಪಾಕ್ಸಿ ಹಚ್ಚಿ, ಒಣಹುಲ್ಲಿನ ಬಣ್ಣ ಬಳಿದೆ. ಮೇಲಿನ ಪದರ ಕಲ್ಲಿನಂತೆ ಗಟ್ಟಿಯಾದದ್ದರಿಂದ ಒಳಗಿನ ಮೆದು ಯಾರ ಕಣ್ಣಿಗೂ ಕಾಣಿಸಲಿಲ್ಲ, ಕೆಲವೇ ದಿನಗಳಲ್ಲಿ ನನ್ನ ಮನಸ್ಸಿನಿಂದಲೂ ಮರೆಯಾಯಿತು.

ಅಕ್ಟೋಬರ್ ಕೊನೆಯ ಶನಿವಾರ, ಬೆಳಗಿನ ಕತ್ತಲಲ್ಲಿ, ಮುಂದಿನ ಅಂಚಿಗೆ ತೆಂಗಿನಕಾಯಿ ಒಡೆದು ದೋಣಿಯನ್ನು ನೀರಿಗಿಳಿಸಿದೆವು. ಜೊತೆಗೆ ಬಂದವರು ಅದೇ ಹಿರಿಯರು, ಆಗ ಅವರಿಗೆ ಎಪ್ಪತ್ತೊಂದು ವರ್ಷ. ಹಾರುವ ಬಾತುಗಳನ್ನು ಸೆಳೆಯಲು ನೀರಿನಲ್ಲಿ ತೇಲಿಬಿಡುವ ನಕಲಿ ಬಾತುಗಳು ಎರಡು ಚೀಲ, ಅವುಗಳ ಸೀಸದ ತೂಕಗಳು, ಬಂದೂಕುಗಳು, ನಾವಿಬ್ಬರು. ದಡದಿಂದ ಐವತ್ತು ಅರವತ್ತು ಮೀಟರ್ ದೂರದಲ್ಲಿ ನೀರಿನೊಳಗಿನ ಮರದ ಬೊಡ್ಡೆಯೊಂದಕ್ಕೆ ತಳ ಮೆಲ್ಲಗೆ ತಾಗಿತು. ಒಳ್ಳೆಯ ದೋಣಿಗೆ ಅದು ಗೀಚು ಬೀಳುವ ಪೆಟ್ಟೂ ಅಲ್ಲ. ನನ್ನ ದೋಣಿಯ ಎಡಮೂಲೆ ಹೊಲಿಗೆ ಬಿಟ್ಟ ಗೋಣಿಯಂತೆ ಒಂದೂವರೆ ಅಡಿ ಉದ್ದಕ್ಕೆ ಬಾಯಿ ಬಿಟ್ಟಿತು.

ನೀರು ಎದೆಮಟ್ಟದ್ದು, ಕೆಳಗೆ ಕೆಸರು. ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದೆವು, ಮರದ ದೋಣಿ ಪೂರ್ತಿ ಮುಳುಗಲಿಲ್ಲ, ಅದನ್ನು ಹಿಡಿದುಕೊಂಡೇ ದಡ ಸೇರಿದೆವು. ಚಳಿ ದೇಹದ ಮೇಲೆ ಮಾಡುವ ಪರಿಣಾಮವನ್ನು ಅಧ್ಯಯನ ಮಾಡಿದ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅವರು ತಣ್ಣೀರಿನ ಬಗ್ಗೆ ಹೇಳುವ ಸೂತ್ರವೊಂದಿದೆ: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಎಚ್ಚರ ಉಳಿಯುವುದು ಒಂದು ಗಂಟೆ. ಅದರ ಎರಡನೆಯ ಭಾಗವನ್ನು ನಾನು ದಡದಲ್ಲಿ ಕಣ್ಣಾರೆ ಕಂಡೆ. ಆ ಹಿರಿಯರ ಬೆರಳುಗಳು ಅವರದೇ ಜಾಕೆಟ್ಟಿನ ಜಿಪ್ಪನ್ನು ಹಿಡಿಯಲಾರದೆ ಮತ್ತೆ ಮತ್ತೆ ಜಾರುತ್ತಿದ್ದವು. ನಾನು ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದೆ. ಅವರ ತಂದೆಯ ಕಾಲದ ಬಂದೂಕು ಆ ಕೆಸರಿನಲ್ಲಿಯೇ ಉಳಿಯಿತು. ಅವರು ಇಂದಿಗೂ ಅದರ ಬಗ್ಗೆ ಒಂದು ಮಾತು ಎತ್ತಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಪ್ಲೈವುಡ್ ಯಾವುದು ಎಂಬುದಕ್ಕಿಂತ ಮೊದಲು ಐದು ವಾರ ಎಂಬುದನ್ನು ತಲೆಯಿಂದ ತೆಗೆದುಹಾಕಿ. ಈ ವರ್ಷ ದಡದಿಂದ ಬೇಟೆಯಾಡಿ, ಅಥವಾ ಯಾರದಾದರೂ ದೋಣಿಯಲ್ಲಿ ಕುಳಿತುಕೊಳ್ಳಿ. ದೋಣಿಯನ್ನು ಮುಂದಿನ ಮೇ ತಿಂಗಳಲ್ಲಿ ಆರಂಭಿಸಿ ಜುಲೈನಲ್ಲಿ, ಈಜುವಷ್ಟು ಬೆಚ್ಚಗಿನ ನೀರಿಗೆ ಇಳಿಸಿ. 1940ರ ನವೆಂಬರ್ 11ರಂದು ಬೆಚ್ಚಗಿನ ಬೆಳಗು ನೋಡಿ ಹೊರಟ ಬೇಟೆಗಾರರನ್ನು ಮಧ್ಯಾಹ್ನದ ಹಿಮಗಾಳಿ ಹಿಡಿಯಿತು. ಮಿನ್ನೆಸೋಟದಲ್ಲಿ ಸತ್ತ 49 ಮಂದಿಯಲ್ಲಿ ಅರ್ಧದಷ್ಟು ಜನ ಬಾತು ಬೇಟೆಗೆ ಹೋದವರು. ಈ ಕೆರೆಗಳ ಮೇಲೆ ಹೊಸ ದೋಣಿಯನ್ನು ಪರೀಕ್ಷಿಸುವ ತಿಂಗಳು ಅದಲ್ಲ.

ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಗುಣಿಸಿ ಹದಿನೈದರಿಂದ ಭಾಗಿಸಿದರೆ ಇಬ್ಬರು ಎಂದು ನೀವು ಲೆಕ್ಕ ಹಾಕಿದ್ದೀರಿ. ಆ ಸೂತ್ರ ಶಾಂತ ನೀರಿನಲ್ಲಿ ಸಾಧಾರಣ ತೂಕದ ಮನುಷ್ಯರನ್ನಷ್ಟೇ ಎಣಿಸುತ್ತದೆ. ಒದ್ದೆ ಬಟ್ಟೆಯ, ನಕಲಿ ಬಾತುಗಳ ಚೀಲದ, ಎದ್ದು ನಿಂತು ಗುಂಡು ಹಾರಿಸುವವನ ಲೆಕ್ಕ ಅದರಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮದು ಒಬ್ಬರ ದೋಣಿ. ಇಬ್ಬರಿಗೆ ಹದಿಮೂರು ಅಡಿ ಉದ್ದ, ನಾಲ್ಕು ಅಡಿ ಅಗಲ ಇರಲಿ. ಕೂರುವ ಹಲಗೆಯ ಕೆಳಗೆ ನೀರು ಹೀರದ, ಮುಚ್ಚಿದ ಕೋಶದ ಫೋಮ್ ತುಂಬಿ. ಒಂದು ಘನ ಅಡಿ ಸುಮಾರು 27 ಕಿಲೋ ಭಾರವನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ.

ನನ್ನ ಎರಡನೆಯ ದೋಣಿಯನ್ನು ಹಾಗೆಯೇ ಕಟ್ಟಿದೆ. ಜುಲೈನಲ್ಲಿ ಮರಳು ಚೀಲ ಹೇರಿ ನೋಡಿದೆ, ಬಳಿಕ ಬೇಕೆಂದೇ ಬಕೆಟ್ಟಿನಿಂದ ನೀರು ತುಂಬಿಸಿ ಅದರೊಳಗೆ ಕುಳಿತೆ. ಅಂಚು ನೀರಿನಿಂದ ಎರಡು ಇಂಚು ಮೇಲೆಯೇ ನಿಂತಿತು.

ಮರದ ವಿಚಾರಕ್ಕೆ ಉತ್ತರ ಚಿಕ್ಕದು: ಬಿಎಸ್ 1088 (ಮರೀನ್ ಪ್ಲೈವುಡ್ಡಿನ ಬ್ರಿಟಿಷ್ ಮಾನದಂಡ) ಗುರುತಿನ 6 ಮಿಲಿಮೀಟರಿನ ಒಕೂಮೆ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಒಳಗೆ ಪೊಳ್ಳಿಲ್ಲದ ಒಳ್ಳೆಯ ಹೊರಾಂಗಣ ಪ್ಲೈವುಡ್ಡೂ ನಡೆಯುತ್ತದೆ. ಈಗ ಕೈಯಲ್ಲಿರುವ ಎರಡು ತುಂಡು ಪ್ಲೈವುಡ್ಡನ್ನು ಎಲ್ ಆಕಾರಕ್ಕೆ ನಿಲ್ಲಿಸಿ, ಅಳತೆಯ ಪಂಪಿನಿಂದ ತೆಗೆದ ಎಪಾಕ್ಸಿಯಲ್ಲಿ ಮೂಲೆ ತುಂಬಿ, ಪಟ್ಟಿ ಅಂಟಿಸಿ, ನಿಮ್ಮ ಗ್ಯಾರೇಜಿನಲ್ಲಿಯೇ ಒಂದು ವಾರ ಬಿಡಿ. ಆಮೇಲೆ ಸುತ್ತಿಗೆಯಿಂದ ಹೊಡೆದು ಮುರಿಯಿರಿ. ಮರ ಸೀಳಿ ನಾರು ಅಂಟಿಗೆ ಹತ್ತಿಕೊಂಡು ಬಂದಿದ್ದರೆ ಸರಿ. ಅಂಟು ನಯವಾಗಿ ಬಿಟ್ಟುಕೊಂಡಿದ್ದರೆ ಏನೋ ತಪ್ಪಿದೆ. ಮುರಿದ ತುಂಡಿನ ಚಿತ್ರವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.