ಹಿಮಾಲಯದ ‘ಜಂಬು’ ಅಂದರೆ ಏನು? ನಮ್ಮ ರಾಯಚೂರಿನಲ್ಲಿ ಬೆಳೆಯಬಹುದಾ?

ಜಂಬು ಅಂದರೆ ಹಿಮಾಲಯದ ಎತ್ತರದ ಜಾಗಗಳಲ್ಲಿ ಬೆಳೆಯುವ ಕಾಡು ಈರುಳ್ಳಿ. ಉತ್ತರಾಖಂಡದಲ್ಲಿ ಸಿಗುವುದು ಹೆಚ್ಚಾಗಿ ‘ಆಲಿಯಮ್ ಸ್ಟ್ರಾಚಿಯೈ’ ಎಂಬ ಜಾತಿ. ನೇಪಾಳದಲ್ಲಿ ಇದರ ಹತ್ತಿರದ ಬೇರೆ ಜಾತಿಗಳಿಗೆ ‘ಜಿಂಬು’ ಅಂತ ಹೆಸರು.

ನಾವು ಈರುಳ್ಳಿ ಅಂದ ಕೂಡಲೇ ಗಡ್ಡೆ ನೆನೆಯುತ್ತೇವೆ ಅಲ್ವಾ? ಇಲ್ಲಿ ಮುಖ್ಯವಾದದ್ದು ಎಲೆ ಮತ್ತು ಹೂವು. ಅವನ್ನು ಕಿತ್ತು ಒಣಗಿಸಿ ಇಡುತ್ತಾರೆ. ನೋಡಲು ಒಣಹುಲ್ಲಿನ ಹಾಗೆ, ಹಾಗೇ ತಿಂದರೆ ರುಚಿ ಅಷ್ಟಕ್ಕಷ್ಟೇ. ಕಾದ ತುಪ್ಪಕ್ಕೆ ಒಂದು ಚಿಟಿಕೆ ಬಿದ್ದಾಗಲೇ ಅದರ ಘಮ ಹೊರಬರುವುದು. ಈರುಳ್ಳಿ, ಬೆಳ್ಳುಳ್ಳಿ ಎರಡೂ ಸೇರಿದಂಥ ವಾಸನೆ. ಕೆಲವೇ ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಬಿಟ್ಟರೆ ಕರಕಲಾಗುತ್ತದೆ. ನಮ್ಮ ತೊಗರಿಬೇಳೆ ಪಪ್ಪಿಗೆ ಈ ಒಗ್ಗರಣೆ ಚೆನ್ನಾಗಿ ಹೊಂದುತ್ತದೆ, ಜೊತೆಗೆ ಬಿಸಿ ಜೋಳದ ರೊಟ್ಟಿ ಇರಲಿ.

ಬೆಳೆಯುವ ಆಸೆ ಮಾತ್ರ ಬಿಡಿ. ಚಳಿಗಾಲದಲ್ಲಿ ಹಿಮ ಬೀಳುವ ಜಾಗದ ಗಿಡ ಅದು. ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಸುಮ್ನೆ ಬೀಜ ದಂಡ. ಒಣಗಿಸಿದ್ದನ್ನೇ ತರಿಸಿಕೊಳ್ಳಿ. ಕಾಡಿನಿಂದ ಮಿತಿಮೀರಿ ಕಿತ್ತು ಈ ಗಿಡ ಕಡಿಮೆಯಾಗಿದೆ. ಅಲ್ಲಿನ ಬೆಟ್ಟದ ಹಳ್ಳಿಗಳ ರೈತರು ಹೊಲದಲ್ಲೂ ಬೆಳೆಯುತ್ತಾರೆ, ಕೇಳಿ ಅದನ್ನೇ ಕೊಳ್ಳಿ.