ಆ ತಗಡಿನ ಹೊದಿಕೆ ಬರೀ ಚಂದಕ್ಕಾ?

ರೈಲಿನ ಉಗಿ ಎಂಜಿನ್‌ಗಳಿಗೆ ಹಾಕುತ್ತಿದ್ದ ನುಣುಪಾದ ಹೊದಿಕೆ ಸುಮ್ನೆ ಶೋಕಿಗಾ ಅಂತ ಕೇಳಿದ್ದೀರಿ. ಶೋಕಿಯೂ ಇತ್ತು, ಆದರೆ ಅಷ್ಟೇ ಅಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನಿಧಾನದ ಗಾಡಿಗೆ ಇದು ದಂಡ, ಗಂಟೆಗೆ 140 ಕಿ.ಮೀ. ದಾಟುವ ಗಾಡಿಗೆ ಲಾಭ.

ಬ್ರಿಟನ್ನಿನಲ್ಲಿ ನೈಜೆಲ್ ಗ್ರೆಸ್ಲಿ ರೂಪಿಸಿದ ಎ4 ಎಂಜಿನ್‌ಗಳನ್ನೇ ನೋಡಿ. 1935ರಲ್ಲಿ ಇವು ಎಳೆಯುತ್ತಿದ್ದ ಸಿಲ್ವರ್ ಜುಬಿಲಿ ರೈಲು ಲಂಡನ್‌ನಿಂದ ನ್ಯೂಕ್ಯಾಸಲ್‌ಗೆ 4 ಗಂಟೆಯಲ್ಲಿ ಹೋಗುತ್ತಿತ್ತು. 1938ರ ಜುಲೈ 3ರಂದು ಇದೇ ಜಾತಿಯ ಮಲ್ಲಾರ್ಡ್ ಗಂಟೆಗೆ 203 ಕಿ.ಮೀ. ಮುಟ್ಟಿತು. ಇಳಿಜಾರಿನಲ್ಲಿ ಅನ್ನೋದು ನಿಜ. ಒಂದು ಬೇರಿಂಗ್ ಕೂಡ ಕಾದು ಕೆಟ್ಟಿತು. ಆದರೂ ದಾಖಲೆ ದಾಖಲೆಯೇ, ಅಲ್ವಾ?

ಇನ್ನೊಂದು ಉಪಯೋಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ಎ4ರ ಇಳಿಜಾರು ಮೂತಿ ಗಾಳಿಯನ್ನು ಮೇಲಕ್ಕೆ ತಳ್ಳಿ ಹೊಗೆಯನ್ನೂ ಎತ್ತುತ್ತಿತ್ತು. ಡ್ರೈವರ್‌ಗೆ ಮುಂದಿನ ದಾರಿ ಚೆನ್ನಾಗಿ ಕಾಣುತ್ತಿತ್ತು.

ತೊಂದರೆ ಇದ್ದದ್ದು ರಿಪೇರಿಯಲ್ಲಿ. ಚಕ್ರಗಳ ಮೇಲಿನ ತಗಡು ಎಣ್ಣೆ ಬಿಡುವವರ ಕೈಗೆ ಅಡ್ಡ ಬರುತ್ತಿತ್ತು. ಯುದ್ಧದ ಕಾಲದಲ್ಲಿ ಅದನ್ನು ಬಿಚ್ಚಿ ಹಾಕಿದರು. ಎದುರಾಳಿ ರೈಲು ಕಂಪನಿ ಎಲ್‌ಎಂಎಸ್‌ನ ಕೊರೊನೇಷನ್ ಎಂಜಿನ್‌ಗಳಿಗಂತೂ ಯುದ್ಧದ ನಂತರ ಪೂರ್ತಿ ಹೊದಿಕೆಯೇ ಹೋಯಿತು.